ಅಕ್ಕನ ಈಲಿಯೊಳಗಿನ ಹಗೇವು

ನಮ್ಮವ್ವ ಹೋದದ್ದು ಹೊಟ್ಟೆಯಲ್ಲಿ ನೀರು ತುಂಬಿಕೊಂಡು. ಕೈಕಾಲು ಕಡ್ಡಿಯಾಗಿ, ಹೊಟ್ಟೆ ಮಾತ್ರ ದಿನ ತುಂಬಿದ ಬಸುರಿಯ ಹೊಟ್ಟೆಯ ಹಾಗೆ ಎದ್ದು ಕಾಣುತ್ತಿತ್ತು. ನಾನಿನ್ನೂ ಓದುತ್ತಿದ್ದೆ. ಅವ್ವನ ಪಕ್ಕ ಕೂತು ಕಾಲು ಒತ್ತಿದವಳು, ಮಗ್ಗುಲು ಹೊರಳಿಸಿದವಳು, ನೀರು ತೆಗೆಸಲು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಕರೆತಂದವಳು ನಮ್ಮಕ್ಕ. ನೀರು ತೆಗೆಸಿ ಬಂದ ದಿನ ಅವ್ವ ಸ್ವಲ್ಪ ನಗುತ್ತಿದ್ದಳು. ವಾರ ಕಳೆಯುವುದರೊಳಗೆ ಮತ್ತೆ ಹೊಟ್ಟೆ ಬಿಗಿಯುತ್ತಿತ್ತು. ಕಾಫಿ ಬಿಟ್ಟು ಬೇರೇನೂ ಕುಡಿದು ಗೊತ್ತಿಲ್ಲದ ಹೆಂಗಸು ಅವಳು. ಆದರೂ ತಿಥಿಗೆ ಬಂದ ದೂರದ ನೆಂಟರೊಬ್ಬರು ಪಂಕ್ತಿಯಲ್ಲಿ ಕೂತು, ಲಿವರು ಸುಮ್ಮಸುಮ್ಮನೆ ಹಾಳಾಗುತ್ತದೆಯೇ, ಏನೋ ಇದ್ದಿರಬೇಕು ಎಂದು ಪಕ್ಕದವರ ಕಿವಿಗೆ ಹೇಳಿದ್ದರು. ಸಾರು ಬಡಿಸುತ್ತಿದ್ದ ಅಕ್ಕನಿಗೆ ಅದು ಕೇಳಿಸಿತ್ತು. ಅವರಿಗೂ ಸಾರು ಬಡಿಸಿ ಮುಂದಕ್ಕೆ ಹೋಗಿದ್ದಳು.

ಇದನ್ನು ಮೊದಲೇ ಹೇಳಿದ್ದು ಯಾಕೆಂದರೆ, ಈಚೆಗೆ ಹಾಸನದಲ್ಲಿ ಡಾಕ್ಟರು ಅಕ್ಕನ ಲಿವರು ಗಟ್ಟಿಯಾಗುತ್ತಿದೆ ಎಂದಾಗ ಅವಳು ಔಷಧ ಏನು, ಪಥ್ಯ ಏನು ಅಂತ ಕೇಳಲೇ ಇಲ್ಲ. ಸೆರಗು ಸರಿ ಮಾಡಿಕೊಂಡು ಒಂದೇ ಮಾತು ಕೇಳಿದಳು.

"ನಂಗೂ ನಮ್ಮವ್ವನ ಹೊಟ್ಟೆ ಬತ್ತದಾ ಡಾಕ್ಟ್ರಮ್ಮ?"

ಅಕ್ಕನನ್ನು ಕೊಟ್ಟದ್ದು ಹೊಳೆನರಸೀಪುರದ ಹತ್ತಿರ, ನಾಲೆಗೆ ಅಂಟಿಕೊಂಡಂತಿರುವ ಒಂದು ಹಳ್ಳಿಗೆ. ಭಾವನದು ಗದ್ದೆ, ಸ್ವಲ್ಪ ತೆಂಗು. ಅಕ್ಕನಿಗೆ ಸಕ್ಕರೆ ಕಾಯಿಲೆ ಶುರುವಾಗಿ ಬಹಳ ಕಾಲವಾಗಿತ್ತು. ಮೈ ಬಂದಿತ್ತು. ಪಕ್ಕೆಯಲ್ಲಿ ಏನೋ ಭಾರ ಭಾರ ಎನ್ನುತ್ತಿದ್ದಳು. ನಾನು ಮೇಷ್ಟ್ರ ಕೆಲಸ ಮುಗಿಸಿ ಹಾಸನದಲ್ಲೇ ಮನೆ ಮಾಡಿಕೊಂಡಿದ್ದರಿಂದ, ಬಾ ಒಂದು ಸಲ ತೋರಿಸೋಣ ಎಂದು ಕರೆಸಿಕೊಂಡಿದ್ದೆ. ಅಲ್ಲಿ ಪಕ್ಕೆಗೆ ತಣ್ಣನೆಯ ಲೋಳೆ ಹಚ್ಚಿ, ದಪ್ಪ ಪೆನ್ನಿನಂಥದ್ದೊಂದನ್ನು ಒತ್ತಿಟ್ಟು, ಒಳಗಿನ ಲಿವರು ಎಷ್ಟು ಮೆತ್ತಗಿದೆ, ಎಷ್ಟು ಬಿರುಸಾಗಿದೆ ಎಂದು ಯಂತ್ರದಿಂದ ನೋಡಿದರು. ಅಕ್ಕ ಹೊರಗೆ ಬಂದು, ಅಲಸಿನಣ್ಣ ತಟ್ಟಿ ನೋಡ್ದಂಗೆ ನೋಡಿದ್ರು ಕಣ್ಲಾ ಎಂದು ನಕ್ಕಳು. ಆ ನಗು ಒಳಗೆ ಹೋಗಿ ಡಾಕ್ಟರ ಎದುರು ಕೂರುವವರೆಗೆ ಮಾತ್ರ.

ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. ಬರುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲಿಲ್ಲ, ಬಂದೇಬಿಡುತ್ತದೆ ಎಂದು ಹೆದರಿಸಲೂ ಇಲ್ಲ. ಚೀಟಿಯ ಹಿಂಬದಿ ತಿರುಗಿಸಿ ಚಿತ್ರ ಬರೆಯಲು ಕೂತರು. ಅವ್ವನ ಕಾಲದಲ್ಲಿ ಯಾರಾದರೂ ಒಬ್ಬರು ಹೀಗೆ ಚಿತ್ರ ಬರೆದು ತೋರಿಸಿದ್ದರೆ ಎಂದು ಆ ಹೊತ್ತಿನಲ್ಲೇ ನನಗನ್ನಿಸಿತ್ತು.

ಅವರು ಹೇಳಿದ್ದು ಹೀಗೆ. ಲಿವರಿನಲ್ಲಿ ದುಡಿಯುವ ಕೋಶಗಳೇ ಹೆಚ್ಚು. ಅವುಗಳ ಸಾಲಿಗೂ ರಕ್ತ ಹರಿಯುವ ಸಣ್ಣ ಕಾಲುವೆಗಳಿಗೂ ನಡುವೆ ಕೂದಲೆಳೆಯಷ್ಟೂ ಇಲ್ಲದ ಒಂದು ಸಂದು. ಆ ಸಂದಿನಲ್ಲಿ ಅಲ್ಲೊಂದು ಇಲ್ಲೊಂದು ಬೇರೊಂದು ಜಾತಿಯ ಕೋಶ, ಕೈಗಳನ್ನು ಸುತ್ತಲೂ ಚಾಚಿಕೊಂಡು ನಕ್ಷತ್ರದ ಆಕಾರದಲ್ಲಿ ಕೂತಿರುತ್ತದೆ. ಅದಕ್ಕೇ ಅದನ್ನು ನಕ್ಷತ್ರ ಕೋಶ ಎನ್ನುತ್ತಾರೆ. ನಾವು ತಿಂದ ಸೊಪ್ಪು, ಹಾಲು, ಮೊಟ್ಟೆಯಿಂದ ಬರುವ ಎ ವಿಟಮಿನ್‌ನ ಬಹುಪಾಲನ್ನು ಎಣ್ಣೆಯ ಸಣ್ಣ ಸಣ್ಣ ಹನಿಗಳಲ್ಲಿ ಇಟ್ಟುಕೊಂಡು ಕಾಯುವುದು ಈ ಕೋಶವೇ. ಕಣ್ಣಿಗೆ ಬೇಕೆಂದಾಗ ಕಣ್ಣಿಗೆ, ಚರ್ಮಕ್ಕೆ ಬೇಕೆಂದಾಗ ಚರ್ಮಕ್ಕೆ ಇಲ್ಲಿಂದಲೇ ಹೋಗಬೇಕು. ತಿಂಗಳುಗಟ್ಟಲೆ ಸೊಪ್ಪು ಸಿಗದಿದ್ದರೂ ನಮಗೆ ಇರುಳುಗಣ್ಣು ಬರದಂತೆ ನೋಡಿಕೊಳ್ಳುವಷ್ಟು ಸಂಗ್ರಹ ಅದರ ಹತ್ತಿರ ಇರುತ್ತದೆ. ವಿಶೇಷ ಬೆಳಕು ಬಿಟ್ಟು ನೋಡಿದರೆ ಆ ಹನಿಗಳು ಮಿನುಗುತ್ತವಂತೆ. ನೋಡನೋಡುತ್ತಲೇ ಮಂಕಾಗುತ್ತವಂತೆ.

ಆದರೆ ಲಿವರಿಗೆ ಪೆಟ್ಟು ಬಿದ್ದಾಗ, ಅದು ಹೆಂಡದ್ದೇ ಆಗಬೇಕೆಂದಿಲ್ಲ, ಅಕ್ಕನಿಗಾದಂತೆ ಸಕ್ಕರೆ ಮತ್ತು ಕೊಬ್ಬಿನದಾದರೂ ಸರಿ, ಈ ನಕ್ಷತ್ರ ಕೋಶ ತನ್ನ ಹನಿಗಳನ್ನೆಲ್ಲ ಕಳೆದುಕೊಂಡು ಬೇರೆಯೇ ವೇಷ ಹಾಕುತ್ತದೆ. ಗಾಯ ಮುಚ್ಚಲು ನಾರು ಹೆಣೆಯುತ್ತದೆ. ಗಾಯ ನಿಲ್ಲದಿದ್ದರೆ ನಾರು ಹೆಣೆಯುವುದೂ ನಿಲ್ಲುವುದಿಲ್ಲ. ಮೆತ್ತಗಿದ್ದ ಲಿವರು ಬಿರುಸಾಗುವುದು ಹಾಗೆ.

ಹೆಂಡದ್ದೇ ಆಗಬೇಕೆಂದಿಲ್ಲ ಎಂಬ ಮಾತು ಬಂದಾಗ ಅಕ್ಕ ನನ್ನ ಕಡೆ ತಿರುಗಿ ನೋಡಿದಳು. ತಿಥಿಯ ಪಂಕ್ತಿಯ ಮಾತಿಗೆ ಇಷ್ಟು ವರ್ಷದ ಮೇಲೆ ಉತ್ತರ ಸಿಕ್ಕಿತ್ತು. ಆಮೇಲೆ ಚಿತ್ರವನ್ನೇ ದಿಟ್ಟಿಸಿ ಕೂತಳು. ಅದರ ಮೇಲೆ ಬೆರಳಿಟ್ಟು ಹೇಳಿದಳು.

"ಅಂದ್ರೆ ಹಗೇವು ಕಾಯೋನು ರಾಗಿನೆಲ್ಲ ಆಚಿಕ್ ಸುರ್ದು ಗುದ್ಲಿ ಇಡ್ಕಂಡವ್ನೆ ಅನ್ನಿ."

ಡಾಕ್ಟ್ರಮ್ಮನ ಪೆನ್ನು ನಿಂತಿತು. ತಮ್ಮ ಅಜ್ಜಿಯ ಮನೆಯಲ್ಲೂ ಹಗೇವು ಇತ್ತು ಎಂದರು. ಅದೇ ಅಮ್ಮ, ಸರಿಯಾಗಿ ಅದೇ, ಎಂದರು.

ಹಗೇವು ನೋಡಿರದವರಿಗೆ ಇಲ್ಲೊಂದು ಮಾತು. ನಾನೂ ಅಕ್ಕನೂ ಹುಟ್ಟಿ ಬೆಳೆದದ್ದು ಕಟ್ಟಾಯದ ಕಡೆಯ ಹಳ್ಳಿಯಲ್ಲಿ. ನಮ್ಮ ಮನೆಯ ಮುಂದೆ ನೆಲದೊಳಗೆ ಹೂಜಿಯಂತೆ ತೋಡಿದ ಒಂದು ಗುಂಡಿ ಇತ್ತು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಒಳಗೆಲ್ಲ ಹುಲ್ಲು ಒತ್ತಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಅದರ ಮೇಲೆ ಮಕ್ಕಳು ಕುಣಿಯಬಹುದು, ದನ ಮಲಗಬಹುದು. ವರ್ಷಗಳ ಮೇಲೆ ತೆಗೆದರೂ ರಾಗಿ ಹಾಗೇ ಇರುತ್ತಿತ್ತು. ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ, ಒಳಗೆ ಕೆಟ್ಟ ಗಾಳಿ. ತಾತ ಹಗ್ಗಕ್ಕೆ ಲಾಟೀನು ಕಟ್ಟಿ ಮೆಲ್ಲಗೆ ಇಳಿಬಿಡುತ್ತಿದ್ದರು. ದೀಪ ಆರದೆ ಉರಿದರೆ ಮನುಷ್ಯ ಇಳಿಯಬಹುದು. ನಾವು ಬಗ್ಗಿ ನೋಡಿದರೆ ಆ ಬೆಳಕಿನಲ್ಲಿ ರಾಗಿ ಕೆಂಪಗೆ ಮಿನುಗುತ್ತಿತ್ತು. ಡಾಕ್ಟ್ರಮ್ಮ ಎಣ್ಣೆಯ ಹನಿ ಮಿನುಗುತ್ತದೆ ಅಂದಾಗ ಅಕ್ಕನ ಕಣ್ಣ ಮುಂದೆ ಬಂದದ್ದು ತಾತನ ಆ ಲಾಟೀನೇ ಇರಬೇಕು. ನನಗಂತೂ ಅದೇ ಬಂತು. ಇಷ್ಟು ವರ್ಷ ಶಾಲೆಯಲ್ಲಿ ಪಾಠ ಮಾಡಿದ್ದೇನೆ, ನನ್ನ ಪಕ್ಕೆಲುಬಿನ ಅಡಿಯಲ್ಲೇ ಇಂಥದೊಂದು ಹಗೇವು ಇದೆ, ಅದನ್ನೊಬ್ಬ ಹಗಲಿರುಳು ಕಾಯುತ್ತಿದ್ದಾನೆ ಎಂದು ಯಾರೂ ಹೇಳಿರಲಿಲ್ಲ. ಕೃತಜ್ಞತೆಯಿಂದ ಒಂದು ಸಲ ಪಕ್ಕೆ ಮುಟ್ಟಿಕೊಂಡೆ.

ಹೊರಗೆ ಜನ ಕಾಯುತ್ತಿದ್ದರು. ತೂಕ ಇಳಿಯಬೇಕು, ಸಕ್ಕರೆ ಹದ್ದುಬಸ್ತಿನಲ್ಲಿರಬೇಕು, ದಿನಾ ನಡೆಯಬೇಕು, ಕೆಲವು ತಿಂಗಳ ಮೇಲೆ ಬಂದರೆ ಮತ್ತೆ ಯಂತ್ರದಲ್ಲಿ ನೋಡೋಣ ಎಂದು ಬರೆದುಕೊಟ್ಟರು. ಇನ್ನೂ ಹಂತ ಮೀರಿಲ್ಲ, ಹಿಂದಕ್ಕೆ ಬರುವ ದಾರಿ ಇದೆ ಎಂದೂ ಹೇಳಿದರು. ಅಕ್ಕ ಸೆರಗಿನಲ್ಲಿ ಆ ಮಾತನ್ನೇ ಗಂಟು ಹಾಕಿಕೊಂಡವಳಂತೆ ಬಸ್ಸು ಹತ್ತಿದಳು.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಜ್ವರಕ್ಕೆ ಬ್ರೆಡ್ಡು, ಆಪರೇಷನ್ನಿಗೆ ಸೇಬು, ಯಾವುದೂ ತಿಳಿಯದಿದ್ದರೆ ಎಳನೀರು. ತಂದದ್ದನ್ನು ಬೇಡ ಎನ್ನುವ ಪದ್ಧತಿಯೂ ಇಲ್ಲ. ಅಕ್ಕ ಇದನ್ನು ಇನ್ನೊಂದು ಹೆಜ್ಜೆ ಮುಂದೆ ಪಾಲಿಸುತ್ತಾಳೆ. ತಂದವರು ಆಮೇಲೆ ಫೋನು ಮಾಡಿ ತಿಂದ್ಯಾ ಎಂದು ಕೇಳಿದರೆ, ತಿಂದೆ ಎನ್ನಬೇಕು, ಅದು ಸುಳ್ಳಾಗಿರಬಾರದು. ಅವ್ವ ಕಲಿಸಿದ್ದು ಅದು. ತಂದವರ ಕೈಗೆ ನೋವಾಗಬಾರದು ಎನ್ನುತ್ತಿದ್ದಳು.

ಹಳ್ಳಿಗೆ ಹೋದ ಅಕ್ಕ ಭಾವನಿಗೆ ಹಗೇವಿನ ವಿಷಯ ಹೇಳಿದಳು. ಭಾವ ಫೋನು ಹಿಡಿದು ನೆಂಟರಿಗೆಲ್ಲ ಹೇಳಿದರು. ಭಾವನದು ಆಚೆ ದಡದಲ್ಲಿರುವವರಿಗೆ ಕೂಗಿ ಹೇಳುವಂಥ ದನಿ. ಫೋನು ಇಲ್ಲದಿದ್ದರೂ ಹೊಳೆನರಸೀಪುರದವರೆಗೆ ಕೇಳಿಸುತ್ತಿತ್ತೋ ಏನೋ. ಅವರು ಹೇಳಿದ್ದರ ಸಾರಾಂಶ ಇಷ್ಟೇ: ಇವಳ ಲಿವರಲ್ಲಿ ಒಂದು ಹಗೇವು ಇದೆ, ಅದರಲ್ಲಿ ಎ ವಿಟಮಿನ್ನು ಖಾಲಿಯಾಗಿದೆ, ತುಂಬಿಬಿಟ್ಟರೆ ಸರಿಹೋಗುತ್ತದೆ. ಕೊನೆಯ ತುಂಡನ್ನು ಡಾಕ್ಟ್ರಮ್ಮ ಹೇಳಿರಲಿಲ್ಲ. ಅದನ್ನು ಭಾವ ತಾವೇ ಸೇರಿಸಿದ್ದು. ಆದರೆ ರಾಗಿ ಬೆಳೆಯುವವರ ಮುಂದೆ ಹಗೇವು ಖಾಲಿ ಎಂದರೆ ಇನ್ನೇನು ತೋಚಬೇಕು? ತುಂಬಬೇಕು, ಅಷ್ಟೇ.

ತುಂಬಲು ಎಲ್ಲರೂ ಹೊರಟರು. ಮೊದಲು ಬಂದವರು ಚನ್ನರಾಯಪಟ್ಟಣದ ಬೀಗರು, ಅಕ್ಕನ ಮಗಳನ್ನು ತಂದುಕೊಂಡ ಮನೆಯವರು. ಬೀಗಿತಿ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಎ ವಿಟಮಿನ್ನಿನದೇ ಮಾತ್ರೆಯ ಡಬ್ಬಿ ತಂದಿದ್ದರು. ಜೊತೆಗೆ ಮೀನೆಣ್ಣೆಯ ಮಾತ್ರೆ, ಹೊನ್ನಿನ ಗುಂಡಿನಂತೆ ಹೊಳೆಯುವಂಥದ್ದು. ಅರಕಲಗೂಡಿನಿಂದ ಬಂದ ನಾದಿನಿ, ಭಾವನ ತಂಗಿ, ಮಾತ್ರೆಯನ್ನು ನಂಬುವವಳಲ್ಲ. ಲಿವರಿಗೆ ಲಿವರೇ ಆಗಬೇಕು ಎಂದು ಸಂತೆಯಲ್ಲಿ ಕುರಿ ಈಲಿ ಕೊಂಡು, ಮೆಣಸು ಹಾಕಿ ಹುರಿದು, ಡಬ್ಬಿಯಲ್ಲಿ ತಂದಳು. ಆಮೇಲೆ ಪ್ರತಿ ವಾರ ತಂದಳು. ಹಾಸನದಿಂದ ನಮ್ಮ ಮನೆಯದೂ ಪಾಲಿತ್ತು. ನನ್ನ ಹೆಂಡತಿ ಪರಂಗಿ ಹಣ್ಣು, ಕ್ಯಾರೆಟ್ಟು ಕಳಿಸಿದಳು.

ಅಕ್ಕ ಯಾರದ್ದನ್ನೂ ಬಿಡಲಿಲ್ಲ. ಬೆಳಿಗ್ಗೆ ಬೀಗರ ಮಾತ್ರೆ, ಮಧ್ಯಾಹ್ನ ಮೀನೆಣ್ಣೆ, ಸಂಜೆ ಪರಂಗಿ, ಈಲಿ ಬಂದ ದಿನ ಈಲಿ. ಬೀಗಿತಿ ಫೋನಿನಲ್ಲಿ, ಒಂದು ಸಾಲದು, ಎರಡು ತಗೊಳ್ಳಿ ಎಂದರೆ ಎರಡು. ತುಂಬುವುದೇ ಆದರೆ ಬೇಗ ತುಂಬಲಿ ಎಂಬ ಆಸೆ ಅವಳಿಗೂ ಇತ್ತು. ಅವಳು ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಲಂಗದ ಲಾಡಿ ಎಳೆದು ನೋಡುವುದು. ಗಂಟು ನಿನ್ನೆಯ ಜಾಗಕ್ಕೇ ಬಂದರೆ ಹೊಟ್ಟೆ ಉಬ್ಬಿಲ್ಲ ಎಂದು ಲೆಕ್ಕ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿ ಒಂದು ರಾತ್ರಿ ಅಲ್ಲಿ ಉಳಿದಿದ್ದವಳು ಬೆಳಿಗ್ಗೆ ನೋಡಿ ಬಂದು ಹೇಳಿದಳು.

ನಡೆಯುವುದು ಮಾತ್ರ ಆಗುತ್ತಿರಲಿಲ್ಲ. ನೋಡಲು ಬಂದವರನ್ನು ಬಿಟ್ಟು ಹೇಗೆ ನಡೆಯಲು ಹೋಗುವುದು? ಕಾಫಿ ಕಾಯಿಸಬೇಕು, ಮುದ್ದೆ ತಿರುವಬೇಕು, ಅವರ ಜೊತೆ ಕೂತು ತಿನ್ನಬೇಕು. ವಾಸಿಯಾಗಲಿ ಎಂದು ಬಂದವರೇ ಅವಳನ್ನು ಕೂರಿಸಿಬಿಟ್ಟಿದ್ದರು.

ಕೆಲವು ತಿಂಗಳು ಹೀಗೆ ನಡೆದ ಮೇಲೆ ಒಂದು ದಿನ ಭಾವನ ಫೋನು ಬಂತು. ಆ ದೊಡ್ಡ ದನಿ ಬಾವಿಯೊಳಗಿಂದ ಬಂದಂತಿತ್ತು. ಅಕ್ಕನ ಅಂಗೈ ಹಳದಿಯಾಗಿದೆ, ಅಂಗಾಲೂ ಹಳದಿ, ತಲೆನೋವೆಂದು ಮಲಗಿದ್ದಾಳೆ, ತುಟಿ ಒಡೆದಿದೆ, ಬಾಚಣಿಗೆ ತುಂಬ ಕೂದಲು ಬರುತ್ತಿದೆ. ಕಾಮಾಲೆ ಬಂದುಬಿಡ್ತು ಕಣಪ್ಪ ಎಂದರು. ನಾನು ಆಸ್ಪತ್ರೆಗೆ ಫೋನು ಮಾಡಿದೆ. ತಿನ್ನುತ್ತಿರುವ ಮಾತ್ರೆ, ಮದ್ದು ಏನಿದ್ದರೂ ಎಲ್ಲ ತನ್ನಿ ಎಂದರು. ಅಕ್ಕ ವೈರ್ ಬುಟ್ಟಿಯಲ್ಲಿ ಎಲ್ಲವನ್ನೂ ತುಂಬಿಕೊಂಡು ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಬುಟ್ಟಿಯನ್ನು ನಾನು ಇಸಿದುಕೊಂಡೆ. ಆಟೋದಲ್ಲಿ ಕೂತ ಮೇಲೆ, ಕಿಟಕಿಯಾಚೆ ನೋಡುತ್ತ ಅವಳೇ ಹೇಳಿದಳು.

"ಅವ್ವುಂಗೂ ಮೊದ್ಲು ಅಂಗೇ ಹಳದಿ ಬಂದಿದ್ದು ಕಣ್ಲಾ. ಕಣ್ಣು ಮೊದ್ಲು. ನಂಗೆ ಕೈಯಿಂದ ಸುರುವಾಗದೆ, ಅಷ್ಟೇಯ."

ಡಾಕ್ಟ್ರಮ್ಮ ಮೊದಲು ನೋಡಿದ್ದು ಕೈಯನ್ನಲ್ಲ. ಕೆಳ ರೆಪ್ಪೆ ಎಳೆದು ಕಣ್ಣು ನೋಡಿದರು. ಬಿಳಿಯಾಗಿತ್ತು. ಇದು ಕಾಮಾಲೆ ಅಲ್ಲ ಎಂದರು. ಪರಂಗಿ, ಕ್ಯಾರೆಟ್ಟು ವಿಪರೀತ ತಿಂದರೆ ಅಂಗೈಗೆ ಬಣ್ಣ ಹತ್ತುತ್ತದೆ, ಕಡಿಮೆ ಮಾಡಿದರೆ ತಾನೇ ಹೋಗುತ್ತದೆ, ಅದರಿಂದ ಕೆಡುಕಿಲ್ಲ. ಆದರೆ ತಲೆನೋವಿಗೂ ತುಟಿ ಒಡೆದದ್ದಕ್ಕೂ ಕಾರಣ ಬೇರೆ ಎಂದು ಹೇಳಿ ಬುಟ್ಟಿಯ ಕಡೆ ಕೈ ಚಾಚಿದರು. ಡಬ್ಬಿಗಳು ಒಂದೊಂದಾಗಿ ಮೇಜಿನ ಮೇಲೆ ಬಂದವು.

"ಇದನ್ನೆಲ್ಲ ಯಾರಮ್ಮ ಬರೆದುಕೊಟ್ಟಿದ್ದು?"

"ಯಾರೂ ಬರ್ದಿಲ್ಲ. ಬೀಗ್ರು ತಂದ್ರು, ನಾದ್ನಿ ತಂದ್ಲು."

"ಎಲ್ಲಾನೂ ತಗೊಂಡ್ರಾ?"

"ಒಬ್ರುದ್ದು ತಗಂಡು ಒಬ್ರುದ್ದು ಬುಟ್ರೆ ಏನನ್ಕಂಡಾರು?"

ನಾನಾಗಿದ್ದರೆ ರೇಗುತ್ತಿದ್ದೆ. ಅವರು ರೇಗಲಿಲ್ಲ. ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಅಂದು ಅರ್ಧ ಹೇಳಿ ಕಳಿಸಿದ್ದು ನನ್ನ ತಪ್ಪು ಎಂದರು. ಓದಿದವರ ಬಾಯಲ್ಲಿ ಇಷ್ಟು ಸಲೀಸಾಗಿ ಆ ಮಾತು ಬಂದದ್ದನ್ನು ನಾನು ಹೆಚ್ಚು ಕೇಳಿಲ್ಲ. ಆಮೇಲೆ ಉಳಿದ ಅರ್ಧ ಹೇಳಿದರು. ಅಕ್ಕನ ಹಗೇವನ್ನೇ ಹಿಡಿದು ಹೇಳಿದರು.

ಹಗೇವು ಕಾಯುವವನ ಹತ್ತಿರ ರಾಗಿ ಇಲ್ಲದಿರುವುದು ಊರಲ್ಲಿ ರಾಗಿ ಬೆಳೆಯದೆ ಅಲ್ಲ. ಅವನೇ ಕೈ ಬಿಟ್ಟದ್ದು. ನಾಲೆಯ ಏರಿ ಒಡೆದಿದೆ ಎಂದು ಕೂಗು ಬಂದಾಗ ಮನೆ ಕಾಯುತ್ತಿದ್ದವನೂ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಗುದ್ದಲಿ ಹಿಡಿದು ಓಡುತ್ತಾನೆ, ಹಾಗೆ. ಅವನು ಮಣ್ಣು ಹಾಕುವುದು ಒಳ್ಳೆಯದಕ್ಕೇ. ಹಾಕದಿದ್ದರೆ ಊರು ಉಳಿಯುವುದಿಲ್ಲ. ಆದರೆ ಏರಿ ದಿನಾ ಒಡೆಯುತ್ತಲೇ ಇದ್ದರೆ ಅವನು ದಿನಾ ಮಣ್ಣು ಹಾಕುತ್ತಲೇ ಇರುತ್ತಾನೆ. ಒಂದು ದಿನ ಆ ಮಣ್ಣೇ ನಾಲೆಗೆ ಅಡ್ಡವಾಗುತ್ತದೆ. ನೀರು ಮುಂದಕ್ಕೆ ಹೋಗಲಾರದೆ ಹಿಂದೆ ನಿಲ್ಲುತ್ತದೆ.

ಅಕ್ಕ ತಟಕ್ಕನೆ ತಲೆಯೆತ್ತಿದಳು. ನಾಲೆಯ ಪಕ್ಕ ಬಾಳಿದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವ್ವನ ಹೊಟ್ಟೆಯಲ್ಲಿ ನಿಂತದ್ದು ಆ ನೀರು.

ಗುದ್ದಲಿ ಹಿಡಿದು ಬೆವರುತ್ತಿರುವವನ ತಲೆಯ ಮೇಲೆ ರಾಗಿ ಮೂಟೆ ಹೊರಿಸಿದರೆ ಏನಾಗುತ್ತದೆ ಎಂದು ಡಾಕ್ಟ್ರಮ್ಮ ಕೇಳಿದರು. ಕೆಲ್ಸಾನೂ ಕೆಡ್ತದೆ, ಅವನ ಸೊಂಟಾನೂ ಮುರೀತದೆ ಎಂದಳು ಅಕ್ಕ. ಇಲ್ಲಿ ಆಗುತ್ತಿದ್ದದ್ದು ಅದೇ. ಮಾತ್ರೆಯಲ್ಲಿ, ಮೀನೆಣ್ಣೆಯಲ್ಲಿ, ಕುರಿ ಈಲಿಯಲ್ಲಿ ಎ ವಿಟಮಿನ್ನು ತಯಾರಾಗಿ ಇರುತ್ತದೆ. ಅತಿಯಾದರೆ ದೇಹ ಅದನ್ನು ಆಚೆ ಹಾಕಲಾರದು, ಲಿವರಿಗೆ ಅದೇ ಇನ್ನೊಂದು ಪೆಟ್ಟು, ಆ ಪೆಟ್ಟಿಗೆ ಇನ್ನಷ್ಟು ಮಣ್ಣು. ಕುರಿಯ ಈಲಿಯಲ್ಲಿ ಅಷ್ಟು ವಿಟಮಿನ್ನು ಇರುವುದೂ ಕುರಿಯೊಳಗಿನ ಹಗೇವು ಕಾಯುವವನ ದುಡಿಮೆಯೇ ಎಂದು ಅವರು ಹೇಳಿದಾಗ ಅಷ್ಟು ತಲೆನೋವಿನಲ್ಲೂ ಅಕ್ಕ ನಕ್ಕಳು. ಸೊಪ್ಪು, ಕ್ಯಾರೆಟ್ಟಿನದು ಹಾಗಲ್ಲ. ಅದರಲ್ಲಿರುವುದನ್ನು ದೇಹ ತನಗೆ ಬೇಕಾದಷ್ಟೇ ವಿಟಮಿನ್ನಾಗಿ ಮಾಡಿಕೊಳ್ಳುತ್ತದೆ. ನುಗ್ಗೆಸೊಪ್ಪಿನ ಸಾರು ಬಿಡಬೇಕಾಗಿಲ್ಲ.

"ಮತ್ತೆ ಅವನ್ನ ಮನೆಗೆ ಕರ್ಸದೆಂಗೆ?" ಅಕ್ಕನ ಪ್ರಶ್ನೆ.

"ಏರಿ ಒಡೆಯೋದು ನಿಲ್ಲಬೇಕಮ್ಮ. ನಿಂತರೆ ಅವನೇ ಬರ್ತಾನೆ. ನಾವು ಕರೆಯೋದೇನೂ ಬೇಡ."

ಕೆಲಸವಿಲ್ಲದೆ ಕೆಲವು ಕೋಶಗಳು ಸಾಯುತ್ತವೆ, ಕೆಲವು ಗುದ್ದಲಿ ಇಟ್ಟು ಮತ್ತೆ ಹಳೆಯ ವೇಷಕ್ಕೆ ಬಂದು ಹನಿ ಹನಿಯಾಗಿ ಕೂಡಿಡಲು ಶುರು ಮಾಡುತ್ತವೆ, ಕಟ್ಟಿದ ನಾರೂ ಮೆಲ್ಲಗೆ ಕರಗುತ್ತದೆ, ಎಲ್ಲ ಅಲ್ಲ, ಒಂದಷ್ಟು. ಇದನ್ನು ಕೇಳಿದಾಗ ಆ ಕೋಶದ ಮೇಲೆ ನನಗೆ ಹುಟ್ಟಿದ ಗೌರವ ಈಗಲೂ ಇಳಿದಿಲ್ಲ. ಜೀವಮಾನವಿಡೀ ಕೂಡಿಟ್ಟದ್ದನ್ನು ಕರೆ ಬಂದೊಡನೆ ಬಿಟ್ಟು ಎದ್ದು ಹೋಗುವುದು, ಕೆಲಸ ಮುಗಿದರೆ ಮರಳಿ ಬಂದು ಮೊದಲಿನಿಂದ ಕೂಡಿಡುವುದು. ಮನುಷ್ಯರಲ್ಲಿ ಅಂಥವರನ್ನು ನಾನು ಕಂಡದ್ದು ಕಡಿಮೆ. ಕಂಡ ಒಬ್ಬಳು ಅಲ್ಲೇ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಕಾಲೇಜು ಬಿಟ್ಟು ಅವ್ವನ ಹಾಸಿಗೆಯ ಪಕ್ಕ ಕೂತವಳು.

ಮಾತ್ರೆಯೂ ಈಲಿಯೂ ನಿಂತವು. ತಲೆನೋವು ಕೆಲವೇ ವಾರದಲ್ಲಿ ಇಳಿಯಿತು. ಅಂಗೈ ತನ್ನ ಬಣ್ಣಕ್ಕೆ ಬಂತು. ಆದರೆ ನಿಜವಾದ ಕಷ್ಟ ಬೇರೆ ಇತ್ತು. ಬೀಗರಿಗೆ ಹೇಳುವುದು ಹೇಗೆ? ನೀವು ಪ್ರೀತಿಯಿಂದ ತಂದದ್ದು ನನಗೆ ಕೆಡುಕಾಯಿತು ಎಂದರೆ ಮಗಳ ಮನೆಯ ಮಾತು. ಭಾವ, ನಾನೇ ಫೋನಿನಲ್ಲಿ ಹೇಳ್ತೀನಿ ಎಂದು ಮುಂದೆ ಬಂದರು. ಎಲ್ಲರೂ ಸೇರಿ ಅವರನ್ನು ತಡೆದೆವು.

ಮುಂದಿನ ಭಾನುವಾರ ನಾನು ಅಲ್ಲೇ ಇದ್ದೆ. ಬೀಗಿತಿಯೂ ನಾದಿನಿಯೂ ಒಂದೇ ದಿನ ಬಂದರು, ಒಬ್ಬರ ಕೈಯಲ್ಲಿ ಡಬ್ಬಿ, ಒಬ್ಬರ ಕೈಯಲ್ಲಿ ಟಿಫನ್ ಕ್ಯಾರಿಯರ್. ಅಕ್ಕ ಒಳಗೆ ಕರೆದು ನೀರು ಕೊಟ್ಟಳು. ತಂದದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿ, ನಡುಮನೆಯ ಗೂಡಿನಲ್ಲಿಟ್ಟಳು. ಕಾಫಿಗೆ ಒಲೆ ಹಚ್ಚಲಿಲ್ಲ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು.

"ಬೀಗ್ರೇ, ನೀವು ತಂದಿದ್ದು ನನ್ನ ಒಟ್ಟೆ ಸೇರ್ತು. ಈಲಿಗೆ ಇನ್ನು ಸಾಕಂತೆ, ಇನ್ನಾಕಿದ್ರೆ ಒಡ್ದೋಯ್ತದಂತೆ. ಇನ್ ಮ್ಯಾಕೆ ನನ್ನ ನೋಡಾಕೆ ಬರೋರು ಏನೂ ತರ್ಬ್ಯಾಡಿ. ಕಾಲು ತನ್ನಿ. ಒಬ್ಳೇ ನಡ್ಯಕೆ ನಂಗೆ ಬ್ಯಾಸ್ರ."

ಬೀಗಿತಿ ಒಂದು ಗಳಿಗೆ ಅವಳ ಮುಖ ನೋಡಿದರು, ಗೂಡಿನಲ್ಲಿದ್ದ ಡಬ್ಬಿ ನೋಡಿದರು. ಮದುವೆಗೆ ಉಡುವಂಥ ಸೀರೆ ಉಟ್ಟು ಬಂದಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲ್ಲಿಗೆ ಎಂದರು. ನಾಲೆ ಏರಿ ಮೇಲೆ, ಆ ಸೇತುವೆ ತಂಕ ಎಂದಳು ಅಕ್ಕ. ಮೂವರೂ ಹೊರಟರು. ಭಾವನೂ ನಾನೂ ಹಿಂದಿನಿಂದ ಹೋದೆವು. ನಾಲೆಯಲ್ಲಿ ಗೊರೂರು ಅಣೆಕಟ್ಟಿನ ನೀರು ತುಂಬಿ ಹರಿಯುತ್ತಿತ್ತು, ಏರಿಯ ಕೆಳಗೆ ನಾಟಿಯಾದ ಗದ್ದೆ. ಸೇತುವೆ ಮುಟ್ಟುವಷ್ಟರಲ್ಲಿ ನಾದಿನಿ ಕಲ್ಲಿನ ಮೇಲೆ ಕುಕ್ಕರಿಸಿದಳು.

"ಅತ್ಗೆ, ನಿನ್ನ ಈಲಿ ಸರೋಗೋ ವೊತ್ಗೆ ನನ್ನ ಮಂಡಿ ಓಗ್ತದೆ ಕಣೆ."

"ಓದ್ರೆ ಓಗ್ಲಿ, ನಿನ್ ನೋಡಾಕೂ ಕಾಲು ತತ್ತೀನಿ," ಎಂದಳು ಅಕ್ಕ.

ಅಲ್ಲಿಂದ ಅದೊಂದು ಪದ್ಧತಿಯೇ ಆಯಿತು. ಅಕ್ಕನನ್ನು ನೋಡಲು ಬರುವವರಿಗೆ ನೀರು ಸಿಗುತ್ತಿತ್ತು, ಆಮೇಲೆ ನಾಲೆ ಏರಿ. ವಾಪಸು ಬಂದ ಮೇಲೆ ಸಕ್ಕರೆ ಇಲ್ಲದ ಕಾಫಿ. ಬೀಗಿತಿ ಎರಡನೇ ಸಲ ಬರುವಾಗ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದರು, ರೇಷ್ಮೆ ಸೀರೆಯ ಕೆಳಗೆ. ಯಾರೂ ಬಾರದ ದಿನ ಭಾವನನ್ನೇ ಹೊರಡಿಸುತ್ತಿದ್ದಳು. ಅಕ್ಕನ ಮುದ್ದೆ ಚಿಕ್ಕದಾಯಿತು, ಸೊಪ್ಪಿನ ಸಾರು ಹೆಚ್ಚಾಯಿತು. ಹಬ್ಬದ ಒಬ್ಬಟ್ಟು ಬಂದಾಗ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ತಟ್ಟೆಯನ್ನು ಪಕ್ಕಕ್ಕೆ ಸರಿಸುವುದನ್ನು ನಾನೇ ನೋಡಿದೆ. ತಿಂದೆ ಎಂಬ ಮಾತೂ ಸುಳ್ಳಾಗಲಿಲ್ಲ. ಲಾಡಿಯ ಗಂಟು ಒಳಕ್ಕೆ ಒಳಕ್ಕೆ ಬರತೊಡಗಿತು. ಅದನ್ನು ಮಾತ್ರ ಅವಳು ನಂಬಲಿಲ್ಲ. ಕಡೆಗಾಲದಲ್ಲಿ ಅವ್ವನ ಸೊಂಟವೂ ಸೊರಗಿತ್ತು, ಹೊಟ್ಟೆ ಆಮೇಲೆ ಬಂದಿತ್ತು ಎಂದಳು. ಅವಳಿಗೆ ಬೇಕಾಗಿದ್ದದ್ದು ಯಂತ್ರದ ಮಾತು.

ಮತ್ತೆ ನೋಡಬೇಕಾದ ದಿನ ಬಂತು. ಹಾಸನದ ಆಸ್ಪತ್ರೆಯ ಬೆಂಚಿನ ಮೇಲೆ ನಾವಿಬ್ಬರೂ ಕೂತಿದ್ದೆವು. ಭಾವ ನಿಂತಲ್ಲಿ ನಿಲ್ಲಲಾರದೆ ಗೇಟಿನವರೆಗೆ ಹೋಗಿ ಬಂದು ಮಾಡುತ್ತಿದ್ದರು. ಅಕ್ಕನನ್ನು ಒಳಗೆ ಕರೆದರು. ತಣ್ಣನೆಯ ಲೋಳೆ, ಅದೇ ದಪ್ಪ ಪೆನ್ನು. ಈ ಸಲ ಹೊರಗೆ ಬಂದವಳು ಹಲಸಿನ ಹಣ್ಣಿನ ಮಾತೆತ್ತಲಿಲ್ಲ.

ಡಾಕ್ಟ್ರಮ್ಮ ಹಳೆಯ ಕಾಗದ, ಹೊಸ ಕಾಗದ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರು. ಆಮೇಲೆ ಅಕ್ಕನ ಕಡೆ ತಿರುಗಿ, ಮೆತ್ತಗಾಗಿದೆಯಮ್ಮ ಎಂದರು. ಪೂರ್ತಿ ಮೊದಲಿನಂತೆ ಅಲ್ಲ, ಆದರೆ ಒಂದು ಹಂತ ಹಿಂದಕ್ಕೆ ಬಂದಿದೆ, ಹೀಗೇ ಹೋದರೆ ಇನ್ನೂ ಬರುತ್ತದೆ ಎಂದರು. ಭಾವ ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡರು. ಅಕ್ಕ ಅಷ್ಟಕ್ಕೇ ಬಿಡಲಿಲ್ಲ.

"ಗುದ್ಲಿ ಕೆಳೀಕಿಟ್ನಾ?"

"ಇಡ್ತಾ ಇದಾನೆ. ಆದ್ರೆ ಒಂದು ಸಲ ಹಿಡಿದೋನು ಮರೆಯಲ್ಲ. ಮತ್ತೆ ಏರಿ ಒಡೆದ್ರೆ ಮೊದಲಿಗಿಂತ ಬೇಗ ಓಡಿ ಬರ್ತಾನೆ. ನೆನಪಿರಲಿ."

"ಬರ್ದೆ ಇರೋ ಅಂಗೆ ನಾನ್ ನೋಡ್ಕತೀನಿ," ಎಂದಳು ಅಕ್ಕ. ಎದ್ದು ಬಾಗಿಲವರೆಗೆ ಹೋದವಳು ತಿರುಗಿ ಬಂದು, ಮೇಜಿನ ಮೇಲಿದ್ದ ಡಾಕ್ಟ್ರಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಬಿಟ್ಟಳು. ಬುಟ್ಟಿಯಲ್ಲಿ ಅವರಿಗೆಂದು ತಂದಿದ್ದ ನುಗ್ಗೆಸೊಪ್ಪಿನ ಕಟ್ಟನ್ನು ಮೇಜಿನ ಮೂಲೆಯಲ್ಲಿಟ್ಟಳು. ಅವರು ಬೇಡ ಎನ್ನಲಿಲ್ಲ. ಅವರೂ ನಮ್ಮ ಕಡೆಯವರೇ.

ಆ ದಿನ ನಾನೂ ಅವರ ಜೊತೆ ಹಳ್ಳಿಗೆ ಹೊರಟೆ. ಹೊಳೆನರಸೀಪುರ ದಾಟಿ ಬಸ್ಸು ನಾಲೆಯ ಸೇತುವೆಯ ಹತ್ತಿರ ನಿಧಾನವಾದಾಗ ಅಕ್ಕ ಎದ್ದು ನಿಂತು, ಇಲ್ಲೇ ಇಳಿಯಾನ ಎಂದಳು. ಊರು ಇನ್ನೂ ಮುಂದಿತ್ತು. ಭಾವ, ನಂಗಾಗಕ್ಕಿಲ್ಲ, ನೀವು ಬನ್ನಿ ಎಂದು ಕೂತೇ ಇದ್ದರು. ಊರಿಗೆಲ್ಲ ಸುದ್ದಿ ಮುಟ್ಟಿಸುವ ಅವಸರ ಅವರಿಗೆ. ನಾವಿಬ್ಬರು ಇಳಿದು ಏರಿಯ ಮೇಲೆ ನಡೆಯತೊಡಗಿದೆವು. ಬುಟ್ಟಿ ನನ್ನ ಕೈಯಲ್ಲಿತ್ತು. ಅಕ್ಕ ಮುಂದೆ, ನಾನು ಹಿಂದೆ. ಅವಳ ನಡಿಗೆಗೆ ನನ್ನ ಉಸಿರು ಸಾಲುತ್ತಿರಲಿಲ್ಲ.

ನೀರು ಬಿಟ್ಟಿದ್ದ ಕಾಲ. ಒಂದು ಕಡೆ ಏರಿ ಕುಸಿದಿದ್ದ ಜಾಗದಲ್ಲಿ ಯಾರೋ ಮರಳು ಮೂಟೆ ಜೋಡಿಸಿ ಮಣ್ಣು ಹಾಕಿದ್ದರು. ಈಗ ಅದರ ಮೇಲೆ ಗರಿಕೆ ಚಿಗುರಿತ್ತು. ಅಕ್ಕ ಅಲ್ಲಿ ನಿಂತಳು. ಮಣ್ಣನ್ನೊಮ್ಮೆ ಪಾದದಿಂದ ಒತ್ತಿ ನೋಡಿದಳು.

"ಅವ್ವುಂಗೆ ಇದ ಯೇಳೋರು ಯಾರೂ ಇರ್ಲಿಲ್ಲ ಕಣ್ಲಾ. ಇದ್ದಿದ್ರೆ ಅವ್ಳೂ ನಡ್ಯೋಳು."

ನಾನು ಹ್ಞೂಂ ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಮತ್ತೆ ನಡೆದಳು. ಬೇಗ ಬಾ, ಮನೆ ಮುಂದೆ ಬೀಗ್ರು ಬಂದು ಕೂತಿರ್ತಾರೆ, ಶೂ ಹಾಕ್ಕಂಡು, ಎಂದಳು.